ವೀರನ ಮರಣ: ವೀರಗಲ್ಲಿನಿಂದ ಚಿತ್ರಕಥೆಯವರೆಗೆ

೧

೧೯೯೨ನೆಯ ನವೆಂಬರ್ ೧೮ರಂದು ಅಮೆರಿಕದ ಡಿಸಿ ಕಾಮಿಕ್ಸ್ ಸಂಸ್ಥೆಯು ‘ಸೂಪರ್‌ಮ್ಯಾನ್’ ಮಾಲಿಕೆಯ ೭೫ನೆಯ ಸಂಚಿಕೆಯನ್ನು ಮಾರಾಟಕ್ಕೆ ಬಿಟ್ಟಿತು. ೧೯೩೮ರಲ್ಲಿ ಮೊದಲು ಕಾಣಿಸಿಕೊಂಡು, ಅರ್ಧ ಶತಮಾನಕ್ಕೂ ಮೀರಿ ಅಜೇಯನೆನಿಸಿದ್ದ ನಾಯಕನು ಆ ಸಂಚಿಕೆಯಲ್ಲಿ ಡೂಮ್ಸ್‌ಡೇ ಎಂಬ ರಾಕ್ಷಸನೊಡನೆ ಹೋರಾಡಿ, ಅವನನ್ನು ಕೆಡವಿ, ತಾನೂ ಬೀದಿಯಲ್ಲಿ ಬಿದ್ದು ಸತ್ತನು. ಸಂಚಿಕೆಯ ವಿಶೇಷ ಪ್ರತಿಗಳನ್ನು ಕಪ್ಪು ಚೀಲದಲ್ಲಿಟ್ಟು, ತೋಳಿಗೆ ಕಟ್ಟಿಕೊಳ್ಳಲು ಶೋಕಸೂಚಕವಾದ ಕಪ್ಪುಪಟ್ಟಿಯನ್ನೂ ಜೊತೆಗಿರಿಸಲಾಗಿತ್ತು. ಹಲವು ಲಕ್ಷ ಪ್ರತಿಗಳು ಮಾರಾಟವಾದವು. ಮರುವರ್ಷ, ಅಂದರೆ ೧೯೯೩ರಲ್ಲಿ, ಸತ್ತ ವೀರನು ಮರಳಿ ಬಂದನು.

ಈ ಘಟನೆಯನ್ನು ಮಕ್ಕಳ ಮನರಂಜನೆಯ ವ್ಯಾಪಾರವೆಂದು ಬದಿಗೊತ್ತುವುದು ಸುಲಭ. ಆದರೆ ಕನ್ನಡ ಸಾಹಿತ್ಯದ ಅಭ್ಯಾಸಿಗೆ ಇದು ಒಂದು ಹಳೆಯ ಪ್ರಶ್ನೆಯ ಹೊಸ ರೂಪವಾಗಿ ಕಾಣಬೇಕು. ವೀರನನ್ನು ಕೊಲ್ಲುವ ಅಧಿಕಾರ ಯಾರದು? ಕವಿಯದೇ, ಆಶ್ರಯದಾತನದೇ, ಅಥವಾ ಅವನನ್ನು ತಮ್ಮವನೆಂದು ಭಾವಿಸಿದ ಕೇಳುಗರದೇ? ಕೊಂದ ಮೇಲೆ ಅವನನ್ನು ಎಬ್ಬಿಸಿದರೆ ಆ ಸಾವಿಗೆ ಅರ್ಥವೇನು ಉಳಿಯುತ್ತದೆ? ಕನ್ನಡ ನಾಡು ಈ ಪ್ರಶ್ನೆಗಳಿಗೆ ಕಲ್ಲಿನಲ್ಲಿಯೂ ಕಾವ್ಯದಲ್ಲಿಯೂ ರಂಗದ ಮೇಲೂ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ. ಆ ಉತ್ತರಗಳ ಬೆಳಕಿನಲ್ಲಿ ಆಧುನಿಕ ಚಿತ್ರಕಥೆಯ ವೀರಮರಣವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಚಿತ್ರಗಳನ್ನು ಚೌಕಟ್ಟುಗಳಲ್ಲಿ ಕ್ರಮವಾಗಿ ಜೋಡಿಸಿ ಕಥೆ ಹೇಳುವ ವಿಧಾನವು ಈ ನೆಲಕ್ಕೆ ಹೊಸದಲ್ಲ. ಅದರ ಪುರಾತನ ನಿದರ್ಶನಗಳಲ್ಲಿ ವೀರಗಲ್ಲು ಒಂದು. ಅದರ ವಸ್ತುವಾದರೂ ವೀರನ ಮರಣವೇ ಆಗಿದೆ.

ಠಾಣೆಯ ವರ್ತಕ ನಗರದಿಂದ ಪಶ್ಚಿಮಕ್ಕೆ ನೋಡಿದರೆ ಯೇವೂರಿನ ಬೆಟ್ಟಸಾಲು ಕಾಣುತ್ತದೆ. ಆ ಬೆಟ್ಟಗಾಡಿನ ನಡುವೆ ಕನ್ಹೇರಿಯ ಬೌದ್ಧ ಗುಹೆಗಳಿವೆ. ಅಲ್ಲಿಯ ೯ನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರೂ ಅವನ ಸಾಮಂತರಾದ ಶಿಲಾಹಾರರ ಹೆಸರುಗಳೂ ಬರುತ್ತವೆ. ‘ಕವಿರಾಜಮಾರ್ಗ’ದೊಡನೆ ಹೆಸರು ಬೆಸೆದುಕೊಂಡಿರುವ ಅದೇ ನೃಪತುಂಗನ ಆಳ್ವಿಕೆಯ ಎಲ್ಲೆ ಇಲ್ಲಿಯವರೆಗೆ ಹಬ್ಬಿತ್ತು. ಬೆಟ್ಟದ ಆಚೆ ಬದಿಗೆ, ಬೋರಿವಲಿಯ ಏಕ್ಸರ್ ಎಂಬಲ್ಲಿ ಎತ್ತರವಾದ ವೀರಗಲ್ಲುಗಳ ಒಂದು ಸಾಲಿದೆ. ಇವುಗಳಲ್ಲಿ ನೆಲದ ಯುದ್ಧದ ಜೊತೆಗೆ ಹುಟ್ಟು ಹಾಕುವ ಹಡಗುಗಳ ಕಡಲ ಕಾಳಗವೂ ಕೆತ್ತಲ್ಪಟ್ಟಿದೆ. ಸ್ಥಾನಕವೆನಿಸಿದ್ದ ಠಾಣೆಯಿಂದ ಆಳುತ್ತಿದ್ದ ಶಿಲಾಹಾರ ಮನೆತನದ ಕೊನೆಯ ಅರಸು ಸೋಮೇಶ್ವರನಿಗೂ ದೇವಗಿರಿಯ ಯಾದವ ಮಹಾದೇವನಿಗೂ ೧೩ನೆಯ ಶತಮಾನದಲ್ಲಿ ನಡೆದ ಯುದ್ಧದೊಡನೆ ಈ ಕಲ್ಲುಗಳನ್ನು ಹಲವು ವಿದ್ವಾಂಸರು ಜೋಡಿಸಿದ್ದಾರೆ. ಅವು ಇನ್ನೂ ಹಿಂದಿನವೆಂಬ ಅಭಿಪ್ರಾಯವೂ ಇದೆ.

ಕಾಲ ಯಾವುದೇ ಇರಲಿ, ಕಲ್ಲನ್ನು ಓದುವ ಕ್ರಮ ಒಂದೇ. ಪುಟವನ್ನು ಮೇಲಿನಿಂದ ಕೆಳಕ್ಕೆ ಓದಿದರೆ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಕೆಯಲ್ಲಿ ಕಾಳಗ ಮತ್ತು ಮರಣ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ವಿಮಾನದಲ್ಲಿ ಒಯ್ಯುವ ದೃಶ್ಯ. ಮೇಲಿನ ಪಟ್ಟಿಕೆಯಲ್ಲಿ ಕೈಲಾಸ, ಅಲ್ಲಿ ಲಿಂಗದೆದುರು ಕುಳಿತ ಅದೇ ವೀರ. ಕಥೆ ಮೇಲೇರುತ್ತದೆ. ಸಾವು ಇಲ್ಲಿ ಕಥೆಯ ಕೊನೆಯಲ್ಲ, ಮೊದಲ ಚೌಕಟ್ಟು. ಸಾಯದಿದ್ದರೆ ಕಲ್ಲೇ ಇಲ್ಲ. ಕಲ್ಲಿಲ್ಲದಿದ್ದರೆ ವೀರನೂ ಇಲ್ಲ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ ಎಂಬ ಅರ್ಥದ ಸಂಸ್ಕೃತ ಶ್ಲೋಕವು ಕರ್ನಾಟಕದ ಅನೇಕ ವೀರಗಲ್ಲುಗಳಲ್ಲಿ ಮರುಕಳಿಸುವುದು ಈ ನಂಬಿಕೆಯ ದ್ಯೋತಕ.

ಈ ಗೌರವ ಅರಸುಗಳಿಗೆ ಮಾತ್ರ ಮೀಸಲಾಗಿರಲಿಲ್ಲ ಎಂಬುದು ಗಮನಾರ್ಹ. ತುರುಗಳನ್ನು ಕಾಯುತ್ತ ಸತ್ತ ಸಾಮಾನ್ಯನಿಗೂ ಕಲ್ಲು ನಿಲ್ಲುತ್ತಿತ್ತು. ಬೇಗೂರಿನ ಶಾಸನವೊಂದು ಬೆಂಗಳೂರ ಕಾಳಗದಲ್ಲಿ ಮಡಿದವನನ್ನು ಸ್ಮರಿಸಿ, ಆ ಊರಿನ ಹೆಸರಿನ ಅತಿ ಪ್ರಾಚೀನ ಉಲ್ಲೇಖವನ್ನು ನಮಗೆ ಉಳಿಸಿಕೊಟ್ಟಿದೆ. ೧೦ನೆಯ ಶತಮಾನದ ನಡುಭಾಗದ ಆತಕೂರಿನ ಕಲ್ಲಂತೂ ಮಣಲೇರನ ಕಾಳಿ ಎಂಬ ನಾಯಿಗೆ ಸಂದದ್ದು. ಕಾಡುಹಂದಿಯೊಡನೆ ಸೆಣಸಿ ಎರಡೂ ಸತ್ತವು. ನಾಯಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಮರಣವು ನಿಜವಾಗಿದ್ದರೆ ಸಾಕು, ಮರಣಿಸಿದವನ ಪದವಿ ಇಲ್ಲಿ ಅಡ್ಡಿಯಾಗಲಿಲ್ಲ.

೩

ಕಲ್ಲಿನ ಈ ನಿಯಮವು ಆಸ್ಥಾನದ ಕಾವ್ಯಕ್ಕೆ ಅನ್ವಯಿಸಲಿಲ್ಲ. ಅದಕ್ಕೆ ಕಾರಣ ಕಾವ್ಯದ ಒಡೆತನದಲ್ಲಿದೆ. ಪಂಪನು ೯೪೧ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದಾಗ ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಸಮೀಕರಿಸಿದನು. ಒಡೆಯನು ಬದುಕಿದ್ದಾನೆ, ಓಲಗದಲ್ಲಿ ಕುಳಿತು ಕೇಳುತ್ತಿದ್ದಾನೆ. ಅಂಥ ನಾಯಕನು ಕಾವ್ಯದಲ್ಲಿ ಸಾಯುವುದು ಹೇಗೆ? ಮಹಾಪ್ರಸ್ಥಾನದ ದಾರಿಯಲ್ಲಿ ಬಿದ್ದು ಸಾಯುವ ವ್ಯಾಸರ ಅರ್ಜುನನು ಪಂಪನಿಗೆ ಒಗ್ಗಲಿಲ್ಲ. ಅವನ ಕಾವ್ಯ ಪಟ್ಟಾಭಿಷೇಕದಲ್ಲಿ ಮುಗಿಯುತ್ತದೆ. ರನ್ನನಿಗೂ ಇದೇ ಕಟ್ಟು. ‘ಗದಾಯುದ್ಧ’ದ ಭೀಮನು ಚಾಳುಕ್ಯ ಸತ್ಯಾಶ್ರಯನಾದ್ದರಿಂದ ಭೀಮನಿಗೆ ಗೆಲುವು ಮೊದಲೇ ನಿಶ್ಚಿತ.

ಆದರೆ ನಾಯಕನಿಗೆ ಸಾವಿಲ್ಲವೆಂದು ಆದಾಗ ಕವಿಯ ಶಕ್ತಿ ಪ್ರತಿನಾಯಕನ ಕಡೆಗೆ ಹರಿಯಿತು. ಪಂಪನ ಕರ್ಣ, ರನ್ನನ ದುರ್ಯೋಧನ ಇವರ ಸಾವುಗಳೇ ಆ ಕಾವ್ಯಗಳಲ್ಲಿ ಓದುಗನ ಎದೆಯನ್ನು ತಟ್ಟುವ ಭಾಗಗಳಾದವು. ಬದುಕಿರಲೇಬೇಕಾದವನಿಗೆ ಕವಿ ಹೊಗಳಿಕೆಯನ್ನು ಕೊಟ್ಟನು, ಸಾಯಬಲ್ಲವನಿಗೆ ಮನುಷ್ಯತ್ವವನ್ನು ಕೊಟ್ಟನು. ಒಡೆತನಕ್ಕೂ ಸಾವಿಗೂ ಇರುವ ಈ ನಂಟನ್ನು ಮುಂದೆ ಚಿತ್ರಕಥೆಯ ಚರ್ಚೆಯಲ್ಲಿ ಮತ್ತೆ ಕಾಣಬಹುದು.

ಸತ್ತ ನಾಯಕನು ಮರಳುವ ಕಥೆಗಳೂ ಕನ್ನಡದಲ್ಲಿ ಉಂಟು. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಅಶ್ವಮೇಧದ ಕುದುರೆಯ ಬೆನ್ನಟ್ಟಿ ಮಣಿಪುರಕ್ಕೆ ಬಂದ ಅರ್ಜುನನು, ವಿನಯದಿಂದ ಎದುರುಗೊಂಡ ಮಗ ಬಭ್ರುವಾಹನನನ್ನು ಹೀನೈಸಿ ಕಾದಾಟಕ್ಕೆ ಎಳೆಯುತ್ತಾನೆ; ಮಗನ ಬಾಣಕ್ಕೆ ತಲೆ ಕೊಡುತ್ತಾನೆ. ಪಾತಾಳದಿಂದ ಸಂಜೀವಕ ಮಣಿ ಬರುತ್ತದೆ, ಕೃಷ್ಣನು ಬರುತ್ತಾನೆ, ಅರ್ಜುನನು ಏಳುತ್ತಾನೆ. ಈ ಸಾವು ಸುಮ್ಮನೆ ಒದಗಿದ್ದಲ್ಲ. ಶಿಖಂಡಿಯನ್ನು ಮುಂದಿಟ್ಟುಕೊಂಡು ಭೀಷ್ಮನನ್ನು ಕೆಡವಿದ್ದಕ್ಕೆ ಗಂಗೆಯಿತ್ತ ಶಾಪ ಇದರ ಹಿಂದಿದೆ. ಅರ್ಜುನನು ಸಾಲವನ್ನು ತೀರಿಸಿ ಮೇಲೇಳುತ್ತಾನೆ. ಆದ್ದರಿಂದ ಪುನರ್ಜೀವನವು ಸಾವನ್ನು ಸುಳ್ಳು ಮಾಡುವುದಿಲ್ಲ. ೧೯೭೭ರ ‘ಬಭ್ರುವಾಹನ’ ಚಲನಚಿತ್ರದಲ್ಲಿ ಡಾ. ರಾಜಕುಮಾರ್ ಅವರು ತಂದೆ ಮಗ ಇಬ್ಬರ ಪಾತ್ರಗಳನ್ನೂ ವಹಿಸಿದಾಗ, ಕೊಲ್ಲುವವನೂ ಸಾಯುವವನೂ ಒಬ್ಬನೇ ಎಂಬ ಈ ಕಥೆಯ ಒಳದನಿ ಸಾಮಾನ್ಯ ಪ್ರೇಕ್ಷಕನಿಗೂ ಕಣ್ಣಿಗೆ ಕಾಣುವಂತಾಯಿತು.

ಕುಮಾರರಾಮನ ಕಥೆ ಇನ್ನೊಂದು ಬಗೆಯದು. ಮಲತಾಯಿ ರತ್ನಾಜಿಯ ದೂರನ್ನು ನಂಬಿ ಕಂಪಿಲರಾಯನು ಮಗನ ತಲೆ ತರಲು ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪನು ರಾಮನನ್ನು ಅಡಗಿಸಿಟ್ಟು ಅವನನ್ನು ಹೋಲುವ ಬೇರೊಂದು ತಲೆಯನ್ನು ಒಪ್ಪಿಸುತ್ತಾನೆ. ನಾಡು ಅಳುತ್ತದೆ. ರಾಮನಿಲ್ಲವೆಂದು ತಿಳಿದ ದಿಲ್ಲಿಯ ಸೇನೆ ಮುತ್ತಿದಾಗ ಅವನು ಮರೆಯಿಂದ ಹೊರಬಂದು ಕಾದುತ್ತಾನೆ. ಹುಸಿಮರಣ, ಶೋಕ, ಆಪತ್ತು, ಪ್ರತ್ಯಾಗಮನ ಎಂಬ ಈ ಸರಣಿಯು ೧೯೯೨-೯೩ರ ಸೂಪರ್‌ಮ್ಯಾನ್ ಕಥಾಸರಣಿಗೆ ಬಹಳ ಹತ್ತಿರದ್ದು. ಆದರೆ ಕನ್ನಡದ ಕವಿಗಳು ಅಲ್ಲಿಗೆ ನಿಲ್ಲಿಸಲಿಲ್ಲ. ಮರಳಿ ಬಂದ ರಾಮನು ಮುಂದಿನ ಕಾಳಗದಲ್ಲಿ ನಿಜವಾಗಿಯೇ ಸಾಯುತ್ತಾನೆ. ಚರಿತ್ರೆಯಲ್ಲಿ ಕಂಪಿಲಿ ೧೩೨೭ರಲ್ಲಿ ಬಿದ್ದಿತ್ತು. ಕಥೆ ಆ ಸತ್ಯವನ್ನು ಮುಂದೂಡಿತೇ ಹೊರತು ಅಳಿಸಲಿಲ್ಲ. ಮಲೆನಾಡಿನ ಕೆಲವೆಡೆ ಅವನು ಇಂದಿಗೂ ಮರದಲ್ಲಿ ಕೆತ್ತಿದ ತಲೆಯ ರೂಪದಲ್ಲಿ ಪೂಜೆಗೊಳ್ಳುತ್ತಾನೆ.

೪

ಇವೆಲ್ಲಕ್ಕಿಂತ ದಿಟ್ಟವಾದ ಪ್ರಯೋಗ ಆಧುನಿಕ ಕಾಲದ್ದು. ೧೯೨೬ರಲ್ಲಿ ‘ಗದಾಯುದ್ಧ ನಾಟಕ’ದ ಮೂಲಕ ರನ್ನನ ಕಾವ್ಯದಲ್ಲಿ ಹುದುಗಿದ್ದ ದುರಂತವನ್ನು ರಂಗಕ್ಕೆ ತಂದ ಬಿ.ಎಂ. ಶ್ರೀಕಂಠಯ್ಯನವರು, ೧೯೨೯ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಪ್ರಕಟಿಸಿದರು. ಗ್ರೀಕ್ ನಾಟಕಕಾರ ಸೋಫೋಕ್ಲೀಸನ ‘ಅಯಾಸ್’ ಇದರ ಮಾದರಿ. ಮೂಲದಲ್ಲಿ ಅವಮಾನಗೊಂಡ ವೀರನು ಮತಿಭ್ರಮೆಯಿಂದ ದನಕುರಿಗಳನ್ನು ಕೊಂದು, ಎಚ್ಚರಗೊಂಡ ಮೇಲೆ ನಾಚಿ ತನ್ನ ಕತ್ತಿಗೆ ತಾನೇ ಬಲಿಯಾಗುತ್ತಾನೆ. ಆ ಸ್ಥಾನದಲ್ಲಿ ಶ್ರೀಯವರು ಅಶ್ವತ್ಥಾಮನನ್ನು ನಿಲ್ಲಿಸಿದರು.

ಅಶ್ವತ್ಥಾಮನು ಚಿರಂಜೀವಿ. ಪ್ರಾತಃಸ್ಮರಣೆಯಲ್ಲಿ ಹೆಸರಿಸುವ ಏಳು ಮಂದಿ ಚಿರಂಜೀವಿಗಳಲ್ಲಿ ಮೊದಲನೆಯವನು. ಸಾಯಲಾರದಿರುವುದೇ ಅವನ ಲಕ್ಷಣ, ಪುರಾಣದಲ್ಲಿ ಅದೇ ಅವನ ಶಿಕ್ಷೆಯೂ ಹೌದು. ಅಂಥವನನ್ನು ರಂಗದ ಮೇಲೆ ಸಾಯಿಸುವುದು ಸಂಪ್ರದಾಯವನ್ನು ಬಲ್ಲವರಿಗೆ ಅನೌಚಿತ್ಯವಾಗಿ ಕಂಡದ್ದು ಸಹಜ. ಪರಂಪರೆಯ ವಸ್ತುವನ್ನು ಕವಿಯು ಎಷ್ಟರಮಟ್ಟಿಗೆ ತಿದ್ದಬಹುದು ಎಂಬ ಔಚಿತ್ಯವಿಚಾರವು ಈ ನಾಟಕದ ಸುತ್ತ ಬೆಳೆಯಿತು. ಶ್ರೀಯವರ ಪಕ್ಷದಲ್ಲಿ ಹೇಳಬಹುದಾದದ್ದು ಇಷ್ಟು: ಪಾಂಡವರ ಮಲಗಿದ್ದ ಮಕ್ಕಳನ್ನು ಕತ್ತಲಲ್ಲಿ ಕೊಂದವನಿಗೆ ಪುರಾಣವು ಕೊಟ್ಟ ಕೊನೆಯಿಲ್ಲದ ಅಲೆದಾಟದಲ್ಲಿ ಪಶ್ಚಾತ್ತಾಪಕ್ಕೆ ಒಂದು ಆಕಾರ ದೊರೆಯುವುದಿಲ್ಲ. ದುರಂತದ ವೀರನಿಗೆ ಅಂತ್ಯ ಬೇಕು. ಅಂತ್ಯವಿದ್ದರೆ ಮಾತ್ರ ಅವನ ಬದುಕು ಒಂದು ಇಡಿಯಾಗಿ ಪ್ರೇಕ್ಷಕನ ಮುಂದೆ ನಿಲ್ಲುತ್ತದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಶ್ರೀಯವರು ಅಶ್ವತ್ಥಾಮನನ್ನು ಕೊಂದರೂ ಪುರಾಣದ ಅಶ್ವತ್ಥಾಮನು ಸಾಯಲಿಲ್ಲ. ಅವನು ಯಾರ ಸೊತ್ತೂ ಅಲ್ಲ. ಆದ್ದರಿಂದ ಕೊಲ್ಲಲು ಕವಿಗೆ ಯಾರ ಅನುಮತಿಯೂ ಬೇಕಾಗಲಿಲ್ಲ. ಮರಳಿ ಎಬ್ಬಿಸುವ ಹೊಣೆಯೂ ಅವರ ಮೇಲೆ ಬೀಳಲಿಲ್ಲ. ಯಕ್ಷಗಾನವನ್ನು ನೋಡಿದವರಿಗೆ ಈ ಸ್ಥಿತಿ ಪರಿಚಿತ. ಮುಂಬಯಿ, ಠಾಣೆ, ಡೊಂಬಿವಲಿಗಳಲ್ಲಿ ನೆಲೆಸಿದ ಕರಾವಳಿಯ ಕನ್ನಡಿಗರು ಊರಿನ ಮೇಳಗಳನ್ನು ಕರೆಸಿ ಆಡಿಸುತ್ತ ಬಂದಿದ್ದಾರೆ. ಇಂದು ‘ಅಭಿಮನ್ಯು ಕಾಳಗ’ದಲ್ಲಿ ಮಡಿದ ವೀರನು ನಾಳೆ ಇನ್ನೊಂದು ಊರಿನಲ್ಲಿ ಮತ್ತೆ ಚಕ್ರವ್ಯೂಹವನ್ನು ಹೊಗುತ್ತಾನೆ. ಅವನು ಬದುಕಿ ಬಂದನೆಂದು ಯಾರೂ ಭಾವಿಸುವುದಿಲ್ಲ. ಅವನ ಸಾವು ಮತ್ತೆ ಸಂಭವಿಸುತ್ತದೆ, ಪ್ರತಿಸಲವೂ ಪೂರ್ಣವಾಗಿ.

೫

ಈ ಹಿನ್ನೆಲೆಯಲ್ಲಿ ಚಿತ್ರಕಥೆಗೆ ಮರಳಬಹುದು. ಭಾರತದಲ್ಲಿ ಅದರ ಪ್ರಸಾರದ ಕೇಂದ್ರ ಮುಂಬಯಿ. ೧೯೬೪ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗವು ಇಂದ್ರಜಾಲ ಕಾಮಿಕ್ಸನ್ನು ಆರಂಭಿಸಿತು, ಕಾಲಕ್ರಮದಲ್ಲಿ ಕನ್ನಡದಲ್ಲಿಯೂ ಅದು ಬಂದಿತು, ೧೯೯೦ರಲ್ಲಿ ನಿಂತಿತು. ಅದರ ಮುಖ್ಯ ನಾಯಕ ಲೀ ಫಾಕ್ ೧೯೩೬ರಲ್ಲಿ ಸೃಷ್ಟಿಸಿದ ಫ್ಯಾಂಟಮ್. ಕಾಡಿನ ಜನ ಅವನನ್ನು ಸಾವಿಲ್ಲದವನೆಂದು ನಂಬುತ್ತಾರೆ; ಓದುಗನಿಗೆ ಮಾತ್ರ ಅವನು ವಂಶದ ೨೧ನೆಯವನೆಂಬ ಗುಟ್ಟು ಗೊತ್ತು. ತಂದೆ ಸಾಯುತ್ತಾನೆ, ಮಗ ಮುಖವಾಡ ತೊಡುತ್ತಾನೆ. ವ್ಯಕ್ತಿಗೆ ಸಾವು, ವೇಷಕ್ಕೆ ಚಿರಂಜೀವಿತ್ವ ಎಂಬ ಈ ಏರ್ಪಾಡು ಯಕ್ಷಗಾನದ ಪ್ರೇಕ್ಷಕನಿಗೆ ಸುಲಭವಾಗಿ ಅರ್ಥವಾಗುವಂಥದು.

ಇಂದ್ರಜಾಲದಲ್ಲಿ ದುಡಿದ ಕಾರ್ಕಳದ ಅನಂತ ಪೈ (೧೯೨೯-೨೦೧೧) ಅವರು ೧೯೬೭ರಲ್ಲಿ ಅಮರ ಚಿತ್ರಕಥೆಯ ಮಾಲಿಕೆಗೆ ರೂಪ ಕೊಟ್ಟರು. ಆ ಹೆಸರಿನಲ್ಲಿ ಅದಕ್ಕೂ ಮೊದಲು, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ, ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದಿದ್ದವು. ಇಂಗ್ಲಿಷ್ ಮಾಲಿಕೆಯ ಕ್ರಮಸಂಖ್ಯೆ ೧೧ರಿಂದ, ‘ಕೃಷ್ಣ’ದಿಂದ, ಮೊದಲಾಗುವುದು ಈ ಕಾರಣಕ್ಕೆ. ಅಮರ ಚಿತ್ರಕಥೆಯಲ್ಲಿ ಸಾಮಾನ್ಯವಾಗಿ ಒಂದು ಪುಸ್ತಕಕ್ಕೆ ಒಂದು ಜೀವನ. ಅಭಿಮನ್ಯುವಿಗಾಗಲಿ ಝಾನ್ಸಿಯ ರಾಣಿಗಾಗಲಿ ಮುಂದಿನ ತಿಂಗಳ ಸಂಚಿಕೆಯ ಹಂಗಿಲ್ಲ. ಹೆಸರಿನಲ್ಲಿಯೇ ‘ಅಮರ’ವಿರುವ ಈ ಮಾಲಿಕೆಯಲ್ಲಿ ವೀರರು ಸಾಯಬಲ್ಲರು ಎಂಬುದು ಸ್ವಾರಸ್ಯದ ಸಂಗತಿ.

ಅಮೆರಿಕದ ಮಾಸಿಕ ಮಾಲಿಕೆಗಳ ಸ್ವರೂಪವೇ ಬೇರೆ. ಸೂಪರ್‌ಮ್ಯಾನನ ಜನಕರಾದ ಜೆರ್ರಿ ಸೀಗೆಲ್ ಮತ್ತು ಜೋ ಶೂಸ್ಟರ್ ೧೯೩೮ರಲ್ಲಿ ೧೩೦ ಡಾಲರುಗಳಿಗೆ ಅವನ ಹಕ್ಕನ್ನು ಮಾರಿಬಿಟ್ಟರು. ಅಂದಿನಿಂದ ಅವನು ಸಂಸ್ಥೆಯ ಸೊತ್ತು. ಪಂಪನ ಅರ್ಜುನನಿಗೆ ಅರಿಕೇಸರಿ ಹೇಗೋ ಸೂಪರ್‌ಮ್ಯಾನನಿಗೆ ಸಂಸ್ಥೆ ಹಾಗೆ: ಒಡೆಯನು ಬದುಕಿರುವವರೆಗೆ ನಾಯಕನು ಸಾಯುವಂತಿಲ್ಲ. ಸತ್ತರೂ ಸತ್ತಂತೆ ಉಳಿಯುವಂತಿಲ್ಲ. ೧೯೯೨ರ ಕಥೆಯ ಹುಟ್ಟೂ ಇದನ್ನೇ ಹೇಳುತ್ತದೆ. ಲೇಖಕರು ಮೊದಲು ಯೋಜಿಸಿದ್ದು ನಾಯಕನ ಮದುವೆಯನ್ನು. ಅದೇ ಜೋಡಿಯನ್ನು ಕುರಿತ ದೂರದರ್ಶನ ಧಾರಾವಾಹಿಯೊಂದು ಸಿದ್ಧವಾಗುತ್ತಿದ್ದುದರಿಂದ ಮದುವೆಯನ್ನು ಮುಂದೂಡಬೇಕಾಯಿತು. ತೆರವಾದ ಸ್ಥಳವನ್ನು ಸಾವು ತುಂಬಿತು. ಮದುವೆ ೧೯೯೬ರಲ್ಲಿ ನಡೆಯಿತು.

ಆದರೂ ಈ ಸಂಚಿಕೆಯ ಕಲೆಗಾರಿಕೆಯನ್ನು ಅಲ್ಲಗಳೆಯಲಾಗದು. ಮರಣಕ್ಕೆ ಮುಂಚಿನ ಮೂರು ಸಂಚಿಕೆಗಳಲ್ಲಿ ಪುಟಕ್ಕೆ ಕ್ರಮವಾಗಿ ನಾಲ್ಕು, ಮೂರು, ಎರಡು ಚೌಕಟ್ಟುಗಳು. ಡ್ಯಾನ್ ಜರ್ಗೆನ್ಸ್ ಬರೆದು ಚಿತ್ರಿಸಿದ ೭೫ನೆಯ ಸಂಚಿಕೆಯಲ್ಲಿ ಇಡೀ ಪುಟಕ್ಕೆ ಒಂದೇ ಚೌಕಟ್ಟು. ಸಾವು ಸಮೀಪಿಸಿದಂತೆ ಕಾಲವು ಹಿಗ್ಗಿ ನಿಲ್ಲುವ ಅನುಭವ ಓದುಗನಿಗಾಗುತ್ತದೆ. ಅಳುವವರ ಅಳು ಹುಸಿಯಾಗಿರಲಿಲ್ಲ.

ಹುಸಿಯಾದದ್ದು ಅನಂತರದ ವ್ಯವಹಾರ. ಮುಂದೆ ಬೆಲೆ ಏರುವುದೆಂದು ಚೀಲವನ್ನೂ ಒಡೆಯದೆ ಪ್ರತಿಗಳನ್ನು ಕೂಡಿಟ್ಟವರು ಬಹಳ. ಎಲ್ಲರ ಬಳಿಯೂ ಇರುವ ವಸ್ತುವಿಗೆ ಬೆಲೆ ಏರಲಿಲ್ಲ. ವೀರನೂ ಎದ್ದು ಬಂದನು. ಇಂಥ ಸಂಚಿಕೆಗಳ ಮೇಲೆ ಕಟ್ಟಿದ ಮಾರುಕಟ್ಟೆ ಕುಸಿದು ಅಂಗಡಿಗಳು ಮುಚ್ಚಿದವು. ಪ್ರತಿಸ್ಪರ್ಧಿಯಾದ ಮಾರ್ವೆಲ್ ಸಂಸ್ಥೆ ೧೯೯೬ರ ಡಿಸೆಂಬರಿನಲ್ಲಿ ದಿವಾಳಿತನದ ಅರ್ಜಿ ಸಲ್ಲಿಸಿತು.

ಓದುಗರಿಗೇ ಕೊಲ್ಲುವ ಅಧಿಕಾರವನ್ನು ಕೊಟ್ಟ ಪ್ರಸಂಗವೂ ಒಂದಿದೆ. ೧೯೮೮ರಲ್ಲಿ ಬ್ಯಾಟ್‌ಮ್ಯಾನನ ಸಹಚರ ರಾಬಿನ್ ಬದುಕಬೇಕೇ ಸಾಯಬೇಕೇ ಎಂದು ದೂರವಾಣಿಯ ಮೂಲಕ ಮತ ಕೇಳಲಾಯಿತು. ಸಾವಿನ ಪರವಾಗಿ ೫,೩೪೩, ಬದುಕಿನ ಪರವಾಗಿ ೫,೨೭೧ ಮತಗಳು ಬಿದ್ದವು. ೭೨ ಮತಗಳ ಅಂತರದಲ್ಲಿ ಹುಡುಗನೊಬ್ಬ ಸತ್ತನು. ಇಲ್ಲಿ ಕೊಂದದ್ದು ಕಥೆಯ ಒಳಗಿನ ಯಾವ ಕಾರಣವೂ ಅಲ್ಲ; ಗಂಗೆಯ ಶಾಪವಿಲ್ಲ, ಪಶ್ಚಾತ್ತಾಪವಿಲ್ಲ. ಮುಂದೆ ಅವನನ್ನೂ ಬದುಕಿಸಲಾಯಿತು.

ಇದಕ್ಕೆ ಅಪವಾದವಾಗಿ ೧೯೮೨ರಲ್ಲಿ ಜಿಮ್ ಸ್ಟಾರ್ಲಿನ್ ರಚಿಸಿದ ಕ್ಯಾಪ್ಟನ್ ಮಾರ್ವೆಲ್‌ನ ಮರಣವನ್ನು ಹೆಸರಿಸಬೇಕು. ಆ ವೀರನು ಯುದ್ಧದಲ್ಲಿ ಸಾಯುವುದಿಲ್ಲ. ಕ್ಯಾನ್ಸರ್ ರೋಗದಿಂದ, ಹಾಸಿಗೆಯಲ್ಲಿ, ಗೆಳೆಯರ ನಡುವೆ ಸಾಯುತ್ತಾನೆ. ವೀರಗಲ್ಲಿನ ಪಕ್ಕದಲ್ಲಿಯೇ ಕನ್ನಡ ನಾಡು ನಿಷಿಧಿಗಲ್ಲನ್ನೂ ನಿಲ್ಲಿಸಿತ್ತು ಎಂಬುದು ಇಲ್ಲಿ ನೆನಪಾಗುತ್ತದೆ. ರಾಷ್ಟ್ರಕೂಟರ ಕೊನೆಯ ಕುಡಿ ಇಂದ್ರನು ೯೮೨ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹವಿಟ್ಟನು. ರೋಗ ಬೇರೆ, ವ್ರತ ಬೇರೆ. ಆದರೆ ಶತ್ರುವಿಲ್ಲದ ಸಾವನ್ನು ಎದುರಿಸುವುದೂ ವೀರವೇ ಎಂಬ ಅರಿವು ಎರಡರಲ್ಲಿಯೂ ಇದೆ. ಕ್ಯಾಪ್ಟನ್ ಮಾರ್ವೆಲ್‌ನ ಸಾವು ಬಹುಮಟ್ಟಿಗೆ ಹಾಗೆಯೇ ಉಳಿದುಬಂದಿರುವುದು ಆಕಸ್ಮಿಕವಲ್ಲ. ರೋಗದ ಸಾವನ್ನು ಹುಸಿಯೆಂದು ಹೇಳಿದರೆ, ಮನೆಯಲ್ಲಿ ಅಂಥ ಸಾವನ್ನು ಕಂಡ ಓದುಗನಿಗೆ ಮುಖ ತೋರಿಸುವುದು ಕಷ್ಟ.

೬

ಒಟ್ಟಿನಲ್ಲಿ ವೀರನ ಮರಣವು ಅರ್ಥವನ್ನು ಪಡೆಯುವುದು ಎರಡು ಬಗೆಯಲ್ಲಿ. ಒಂದು, ಅದು ಹಿಂದಿರುಗಲಾರದ್ದಾಗಿರಬೇಕು, ವೀರಗಲ್ಲಿನಂತೆ, ‘ಅಶ್ವತ್ಥಾಮನ್’ ನಾಟಕದಂತೆ. ಇಲ್ಲವೇ, ಹಿಂದಿರುಗುವುದಕ್ಕೆ ತಕ್ಕ ಬೆಲೆಯನ್ನು ಕಥೆಯ ಒಳಗೇ ತೆತ್ತಿರಬೇಕು, ಲಕ್ಷ್ಮೀಶನ ಅರ್ಜುನನಂತೆ. ಎರಡೂ ಇಲ್ಲದೆಡೆ ಸಾವು ಒಂದು ಪ್ರಕಟಣೆ ಮಾತ್ರವಾಗುತ್ತದೆ. ಅಂಥ ಸಾವುಗಳು ಮರುಕಳಿಸಿದಷ್ಟೂ ಓದುಗನು ಅಳುವುದನ್ನು ಮರೆಯುತ್ತಾನೆ. ೨೦೦೭ರಲ್ಲಿ ಕ್ಯಾಪ್ಟನ್ ಅಮೆರಿಕ ಸತ್ತಾಗ ಓದುಗರ ಮುಂದಿದ್ದ ಪ್ರಶ್ನೆ ಅವನು ಎಂದು ಮರಳುತ್ತಾನೆ ಎಂಬುದೇ ಆಗಿತ್ತು. ಕೆಲವೇ ವರ್ಷಗಳಲ್ಲಿ ಅವನು ಮರಳಿದನು.

ಕನ್ನಡದ ವಿದ್ಯಾರ್ಥಿಗೆ ಇದರಲ್ಲಿ ಒಂದು ಕರ್ತವ್ಯವೂ ಸೂಚಿತವಾಗಿದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಮನೆಗಳಲ್ಲಿ ಬೆಳೆಯುವ ಮಗುವಿಗೆ ಸೂಪರ್‌ಮ್ಯಾನನ ಸಾವು ಚಲನಚಿತ್ರದ ಮೂಲಕವಾದರೂ ತಿಳಿದಿರುತ್ತದೆ. ೨೦೧೬ರಲ್ಲಿ ತೆರೆಯ ಮೇಲೆ ಅವನು ಸತ್ತನು, ಮರುವರ್ಷ ಅಲ್ಲಿಯೂ ಎದ್ದನು. ಮಣಿಪುರದ ಅರ್ಜುನನನ್ನು, ಬೈಚಪ್ಪನು ಅಡಗಿಸಿದ ರಾಮನನ್ನು ಆ ಮಗುವಿಗೆ ಪರಿಚಯಿಸಲು ಈ ತಿಳಿವಳಿಕೆಯೇ ದಾರಿಯಾಗಬಹುದು. ತಿರಸ್ಕಾರದಿಂದ ಆರಂಭಿಸಿದ ಪಾಠಕ್ಕಿಂತ ಹೋಲಿಕೆಯಿಂದ ಆರಂಭಿಸಿದ ಪಾಠ ಹೆಚ್ಚು ದೂರ ಹೋಗುತ್ತದೆ.

ಏಕ್ಸರಿನ ಕಲ್ಲುಗಳಲ್ಲಿ ಕಡಲ ಕಾಳಗ ಇಂದಿಗೂ ಕಾಣುತ್ತದೆ. ಅಲ್ಲಿ ಮಡಿದವರ ಹೆಸರುಗಳು ನಮಗೆ ಉಳಿದಿಲ್ಲ. ಸೂಪರ್‌ಮ್ಯಾನನ ಹೆಸರು ಲೋಕಕ್ಕೆಲ್ಲ ಗೊತ್ತು. ಅವನ ಸಾವು ಉಳಿಯಲಿಲ್ಲ. ಹೆಸರು ಅಳಿದರೂ ಸಾವು ಉಳಿದ ಆ ಕಲ್ಲುಗಳ ಮುಂದೆ ನಿಂತವನು ತಲೆಬಾಗುವುದು ಯಾರಿಗೆಂದು ತಿಳಿಯದೆಯೇ ತಲೆಬಾಗುತ್ತಾನೆ. ವೀರವೆಂಬುದು ವ್ಯಕ್ತಿಯ ಸೊತ್ತಲ್ಲ, ಒಡೆಯನ ಸೊತ್ತೂ ಅಲ್ಲ ಎಂಬುದನ್ನು ಕನ್ನಡ ನಾಡಿನ ಶಿಲ್ಪಿಗಳೂ ಕೊಂಕಣದ ಶಿಲ್ಪಿಗಳೂ ಅರಿತಿದ್ದರು.